ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಸೇಬು, ಕುಂಬಳ, ಸೇಜ್ ಹಾಕಿದ ಸ್ಟಫಿಂಗ್: ಟರ್ಕಿ ಇಲ್ಲದೆ, ಮೊಟ್ಟೆ ಇಲ್ಲದೆ

ನವೆಂಬರ್ ಬಂತು ಅಂದರೆ ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಎರಡು ಹಬ್ಬದೂಟದ ತಯಾರಿ ನಡೆಯುತ್ತದೆ. ತಿಂಗಳ ಶುರುವಿನಲ್ಲಿ ಕನ್ನಡ ಕೂಟದ ರಾಜ್ಯೋತ್ಸವ. ಅದಕ್ಕೆ ಬಿಸಿಬೇಳೆಬಾತು, ಮೊಸರನ್ನ. ತಿಂಗಳ ಕೊನೆಗೆ ಅಮೆರಿಕದವರು ಕೃತಜ್ಞತೆ ಹೇಳುವ ಹಬ್ಬ, ಥ್ಯಾಂಕ್ಸ್‌ಗಿವಿಂಗ್. ಆ ಹೊತ್ತಿಗೆ ಮೇಪಲ್ ಮರಗಳು ಎಲೆ ಉದುರಿಸಿ ಬರಿದಾಗಿರುತ್ತವೆ. ಸಂಜೆ ನಾಲ್ಕೂವರೆಗೇ ಕತ್ತಲು. ತೋಟದವರ ಅಂಗಡಿಗಳಲ್ಲಿ ಸೇಬು, ಸ್ಕ್ವಾಷ್ ಅನ್ನುವ ಕುಂಬಳ, ಕ್ರ್ಯಾನ್‌ಬೆರಿ ರಾಶಿ ಬಿದ್ದಿರುತ್ತವೆ. ಅವೆಲ್ಲ ಬ್ರೆಡ್ಡಿನ ಜೊತೆ ಒಂದೇ ಪಾತ್ರೆಗೆ ಬಂದು ಸೇರುವ ತಿನಿಸು ಈ ಸ್ಟಫಿಂಗ್.

ನಾವು ಇಲ್ಲಿಗೆ ಬಂದ ಮೊದಲ ವರ್ಷ ನಮ್ಮ ಯಜಮಾನರ ಆಫೀಸಿನವರೊಬ್ಬರು ಹಬ್ಬಕ್ಕೆ ಮನೆಗೆ ಕರೆದಿದ್ದರು. ಮೇಜಿನ ತುಂಬ ಊಟ, ಮಧ್ಯದಲ್ಲಿ ದೊಡ್ಡ ಟರ್ಕಿ ಕೋಳಿ. ನಾವಿಬ್ಬರೂ ಸಸ್ಯಾಹಾರಿಗಳು. ಬ್ರೆಡ್ಡು, ಸಲಾಡು ತಿಂದು ಬರೋಣ ಅಂದುಕೊಂಡೇ ಹೋಗಿದ್ದೆವು. ಮನೆಯಾಕೆ ಓವನ್ನಿನಿಂದ ಅಂಗೈಯಗಲದ ಒಂದು ಪುಟ್ಟ ಪಿಂಗಾಣಿ ಪಾತ್ರೆ ತೆಗೆದು ನಮ್ಮ ಮುಂದೆ ಇಟ್ಟರು. ಅದರ ಮೇಲೆ ಒಂದು ಚೀಟಿ ಅಂಟಿಸಿ, ಇದರಲ್ಲಿ ಮಾಂಸದ ಸಾರು ಹಾಕಿಲ್ಲ ಎಂದು ಬರೆದಿದ್ದರು. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಬೆಣ್ಣೆ ಮತ್ತು ಯಾವುದೋ ಎಲೆಯ ಘಮ. ಆ ಎಲೆ ಸೇಜ್ ಅಂತ ಆಮೇಲೆ ಗೊತ್ತಾಯಿತು. ಅವತ್ತು ನನ್ನ ಹೊಟ್ಟೆ, ಮನಸ್ಸು ಎರಡೂ ತುಂಬಿದವು. ಅಲ್ಲಿಂದ ಮುಂದೆ ಪ್ರತಿ ವರ್ಷ ಇದನ್ನು ನಾನೇ ಮಾಡುತ್ತೇನೆ. ಯಾರ ಮನೆಗೆ ಹೋದರೂ ಒಂದು ದೊಡ್ಡ ಪಾತ್ರೆ ನನ್ನ ಕೈಯಲ್ಲಿರುತ್ತದೆ.

ಹೆಸರಿನ ಬಗ್ಗೆ ಒಂದು ಮಾತು

ಸ್ಟಫಿಂಗ್ ಅಂದರೆ ತುಂಬುವ ಪದಾರ್ಥ. ಎಣ್ಣೆಗಾಯಿಗೆ ಬದನೆಕಾಯಿ ಸೀಳಿ ಮಸಾಲೆ ತುಂಬುತ್ತೇವಲ್ಲ, ಹಾಗೆ ಟರ್ಕಿಯ ಹೊಟ್ಟೆಯೊಳಗೆ ಬ್ರೆಡ್ಡಿನ ಈ ಮಿಶ್ರಣ ತುಂಬಿ ಬೇಯಿಸುವುದು ಹಳೆಯ ರೂಢಿ. ಈಗ ಅನೇಕರು ಬೇರೆ ಪಾತ್ರೆಯಲ್ಲೇ ಬೇಯಿಸುತ್ತಾರೆ. ಅದಕ್ಕೆ ಕಾರಣವೂ ಇದೆ. ಹಕ್ಕಿಯೊಳಗೆ ತುಂಬಿದರೆ ಹಸಿ ಮಾಂಸದ ರಸ ಬ್ರೆಡ್ಡಿಗೆ ಇಳಿಯುತ್ತದೆ. ಹಾಗಾಗಿ ನಟ್ಟನಡುವಿನ ಬಿಸಿ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಅಷ್ಟು ಹೊತ್ತಿಗೆ ಮಾಂಸ ಒಣಗಿಹೋಗುತ್ತದೆ. ಬೇರೆ ಪಾತ್ರೆಯಲ್ಲಾದರೆ ಆ ತಾಪತ್ರಯವಿಲ್ಲ, ಜೊತೆಗೆ ಮೇಲಿನ ಗರಿಗರಿ ಪದರವೂ ಸಿಗುತ್ತದೆ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದಕ್ಕೆ ಡ್ರೆಸಿಂಗ್ ಅನ್ನುತ್ತಾರೆ, ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ಪುಡಿ ಮಾಡಿ ಹಾಕುತ್ತಾರೆ. ಪೆನ್ಸಿಲ್ವೇನಿಯಾದ ಜರ್ಮನ್ ಮೂಲದವರಿಗೆ ಇದು ಫಿಲಿಂಗ್, ಅದರಲ್ಲಿ ಆಲೂಗಡ್ಡೆಯೂ ಇರುತ್ತದೆ. ಮಿನೆಸೋಟಾ ಕಡೆ ವೈಲ್ಡ್ ರೈಸ್ ಬಳಸುವವರಿದ್ದಾರೆ. 1972ರಲ್ಲಿ ಸ್ಟೋವ್ ಟಾಪ್ ಅನ್ನುವ ಪೊಟ್ಟಣ ಅಂಗಡಿಗೆ ಬಂದ ಮೇಲೆ ಐದು ನಿಮಿಷದಲ್ಲಿ ಒಲೆಯ ಮೇಲೆ ಮಾಡುವ ಸ್ಟಫಿಂಗ್ ಕೂಡ ಮನೆಮಾತಾಯಿತು. ನನಗೆ ಕೇಳಿದರೆ ವರ್ಷಕ್ಕೊಂದು ಸಲ ಮಾಡುವುದನ್ನು ಕೈಯಾರೆ ಮಾಡಿ. ಅಷ್ಟೇನೂ ಕಷ್ಟವಿಲ್ಲ, ಆದರೆ ಎರಡು ದಿನ ಮೊದಲೇ ಶುರು ಮಾಡಬೇಕು.

ಏನೇನು ಬೇಕು

ಇದು 9 ಇಂಚು ಅಗಲ, 13 ಇಂಚು ಉದ್ದದ ಬೇಕಿಂಗ್ ಪಾತ್ರೆಗೆ ಆಗುವ ಅಳತೆ. ಬೇರೆ ತಿನಿಸುಗಳ ಜೊತೆ ಎಂಟು ಹತ್ತು ಜನಕ್ಕೆ ಸಾಕು.

ಗಟ್ಟಿ ಸಿಪ್ಪೆಯ ಬ್ರೆಡ್: 1 ಪೌಂಡ್, ಅಂದರೆ ಸುಮಾರು 450 ಗ್ರಾಂ
ಬಟರ್‌ನಟ್ ಸ್ಕ್ವಾಷ್: ಸಿಪ್ಪೆ ತೆಗೆದು ಹೆಚ್ಚಿದ ಹೋಳು 3 ಕಪ್
ಸೇಬು: 2
ಈರುಳ್ಳಿ: ಮಧ್ಯಮ ಗಾತ್ರದ್ದು 2
ಸೆಲರಿ: 4 ದಂಟು, ಎಲೆ ಸಮೇತ
ಬೆಳ್ಳುಳ್ಳಿ: 3 ಎಸಳು
ಅಣಬೆ: 225 ಗ್ರಾಂ
ಉಪ್ಪಿಲ್ಲದ ಬೆಣ್ಣೆ: 1 ಸ್ಟಿಕ್, ಅಂದರೆ ಸುಮಾರು 115 ಗ್ರಾಂ, ಪಾತ್ರೆಗೆ ಸವರಲು ಮತ್ತು ಮೇಲಿಡಲು ಇನ್ನೂ ಸ್ವಲ್ಪ
ಹಸಿ ಸೇಜ್: ಸಣ್ಣಗೆ ಹೆಚ್ಚಿದ್ದು 2 ದೊಡ್ಡ ಚಮಚ
ಹಸಿ ಥೈಮ್ ಎಲೆ: 1 ದೊಡ್ಡ ಚಮಚ
ರೋಸ್‌ಮೆರಿ: ಸಣ್ಣಗೆ ಹೆಚ್ಚಿದ್ದು 1 ಚಿಕ್ಕ ಚಮಚ
ಪಾರ್ಸ್ಲಿ: ಒಂದು ಹಿಡಿ
ಒಣ ಕ್ರ್ಯಾನ್‌ಬೆರಿ: ಅರ್ಧ ಕಪ್
ಪೆಕಾನ್ ಬೀಜ: ಮುಕ್ಕಾಲು ಕಪ್
ತರಕಾರಿ ಸ್ಟಾಕ್ (ತರಕಾರಿ ಕುದಿಸಿ ಬಸಿದ ಕಟ್ಟು): 3 ಕಪ್
ಅಗಸೆ ಬೀಜದ ಪುಡಿ: 2 ದೊಡ್ಡ ಚಮಚ
ಉಪ್ಪು ಒಂದೂಕಾಲು ಚಿಕ್ಕ ಚಮಚ, ಕಾಳುಮೆಣಸಿನ ಪುಡಿ ಮುಕ್ಕಾಲು ಚಿಕ್ಕ ಚಮಚ, ಸ್ವಲ್ಪ ಎಣ್ಣೆ

ಅಣಬೆ ತಿನ್ನದವರು ಬಿಡಬಹುದು. ಹಾಲು ಬೆಣ್ಣೆ ಬೇಡ ಅನ್ನುವವರಿಗೆ ಆಲಿವ್ ಎಣ್ಣೆ ಆಗುತ್ತದೆ. ಮೊಟ್ಟೆ ತಿನ್ನುವ ಮನೆಯಾದರೆ ಅಗಸೆ ಪುಡಿಯ ಬದಲು ಎರಡು ಮೊಟ್ಟೆ ಹಾಕಿ.

ಬ್ರೆಡ್: ಇದೇ ಮುಖ್ಯ

ಮೊದಲ ಸಲ ನಾನೊಬ್ಬಳೇ ಮಾಡಿದಾಗ ದೊಡ್ಡ ತಪ್ಪು ಮಾಡಿದ್ದೆ. ನೋಡೋಕೆ ಇದು ನಮ್ಮ ಬ್ರೆಡ್ ಉಪ್ಪಿಟ್ಟಿನ ಹಾಗೇ ಇದೆ ಅಲ್ವಾ ಅಂತ ಮೆತ್ತನೆಯ ಸ್ಯಾಂಡ್‌ವಿಚ್ ಬ್ರೆಡ್ ಹರಿದು ಹಾಕಿ, ಸ್ಟಾಕ್ ಪೂರ್ತಿ ಸುರಿದೆ. ಓವನ್ನಿನಿಂದ ಬಂದದ್ದು ಒಂದು ಮುದ್ದೆ. ಮೇಲೆ ಕೆಂಪಗಾಗಿತ್ತು, ಚಮಚ ಇಳಿಸಿದರೆ ಒಳಗೆ ಬರೀ ಅಂಟು. ತುಂಬ ಬೇಜಾರಾಯಿತು. ಆಮೇಲೆ ಒಂದೊಂದಾಗಿ ತಿಳಿದುಕೊಂಡೆ.

ಬ್ರೆಡ್ ಹಳೆಯದಾದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಪೊಟ್ಟಣದೊಳಗೆ ಇಟ್ಟ ಬ್ರೆಡ್ ನಾಲ್ಕು ದಿನಕ್ಕೆ ಗಟ್ಟಿಯಾಗುತ್ತದೆ, ಆದರೆ ಒಣಗಿರುವುದಿಲ್ಲ. ಅದರ ಪಿಷ್ಟ ಬಿಗಿದುಕೊಂಡಿರುತ್ತದೆ ಅಷ್ಟೇ, ನೀರಿನಂಶ ಒಳಗೇ ಇರುತ್ತದೆ. ನಮಗೆ ಬೇಕಾದದ್ದು ಆ ನೀರು ಹೊರಗೆ ಹೋಗುವುದು. ನೀರು ಹೋದ ಜಾಗಕ್ಕೆ ರುಚಿಯಾದ ಸ್ಟಾಕ್ ಬಂದು ಕೂರಬೇಕು. ಅದಕ್ಕೇ ಬ್ರೆಡ್ಡನ್ನು ಓವನ್ನಿನಲ್ಲಿ ಒಣಗಿಸಬೇಕು.

ಯಾವ ಬ್ರೆಡ್? ಸಿಪ್ಪೆ ಗಟ್ಟಿಯಾಗಿ, ಒಳಗೆ ಸ್ವಲ್ಪ ಜಗಿಯುವಂತೆ ಇರುವುದು. ಸೌರ್‌ಡೋ ನನಗೆ ಇಷ್ಟ, ಅದರ ಸಣ್ಣ ಹುಳಿ ಕುಂಬಳದ ಸಿಹಿಗೆ ಚೆನ್ನಾಗಿ ಹೊಂದುತ್ತದೆ. ಇಟಾಲಿಯನ್ ಅಥವಾ ಫ್ರೆಂಚ್ ಬ್ರೆಡ್ ಕೂಡ ಆಗುತ್ತದೆ. ಸಿಪ್ಪೆ ತೆಗೆಯಬೇಡಿ.

ಮುಕ್ಕಾಲು ಇಂಚಿನ ತುಂಡುಗಳಾಗಿ ಹೆಚ್ಚಿ. ಎಲ್ಲ ಒಂದೇ ಅಳತೆ ಇರಬೇಕೆಂದೇನಿಲ್ಲ, ಹತ್ತು ಹನ್ನೆರಡು ಕಪ್ ಆಗುತ್ತದೆ. ಎರಡು ಟ್ರೇಗಳಲ್ಲಿ ಒಂದೇ ಪದರವಾಗಿ ಹರಡಿ. ಓವನ್ 275 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 135 ಸೆಲ್ಸಿಯಸ್‌ಗೆ ಇಟ್ಟು ಮುಕ್ಕಾಲು ಗಂಟೆ ಬಿಡಿ. ಹದಿನೈದು ನಿಮಿಷಕ್ಕೊಮ್ಮೆ ಕೈಯಾಡಿಸಿ. ಬ್ರೆಡ್ ಕೆಂಪಗಾಗುವುದು ಬೇಡ, ಒಣಗಿದರೆ ಸಾಕು. ಒಂದು ತುಂಡು ತೆಗೆದು ಎರಡು ಬೆರಳಲ್ಲಿ ಮುರಿಯಿರಿ. ನಡುವೆಯೂ ಬೇಕರಿ ರಸ್ಕಿನ ಹಾಗೆ ಪಟ್ಟನೆ ಮುರಿದರೆ ಆಯಿತು. ನಡುವೆ ಮೆತ್ತಗಿದ್ದರೆ ಇನ್ನೂ ಹತ್ತು ನಿಮಿಷ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ. ಎರಡು ಮೂರು ದಿನ ಹೊರಗೇ ಚೆನ್ನಾಗಿರುತ್ತದೆ. ನಾನು ಮಂಗಳವಾರ ಈ ಕೆಲಸ ಮುಗಿಸಿಬಿಡುತ್ತೇನೆ. ಹಬ್ಬ ಯಾವಾಗಲೂ ಗುರುವಾರವೇ ಬರುತ್ತದೆ. ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಂತ 1941ರಲ್ಲಿ ಕಾನೂನೇ ಆಗಿದೆ.

ಸ್ಟಾಕ್

ಬಸ್ಸಾರು ಮಾಡುವವರಿಗೆ ಸ್ಟಾಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲೇ ರುಚಿ ಇರುವುದು ಅಂತ ನಮಗೆ ಗೊತ್ತೇ ಇದೆ. ಇದೂ ಹಾಗೇ. ಏಳು ಕಪ್ ನೀರಿಗೆ ಒಂದು ಈರುಳ್ಳಿ, ಒಂದು ಕ್ಯಾರೆಟ್, ಸೆಲರಿಯ ತುದಿ ಬುಡ, ಅಣಬೆಯ ತೊಟ್ಟು, ಪಾರ್ಸ್ಲಿ ಕಡ್ಡಿ, ಎರಡು ಬೇ ಎಲೆ, ಹತ್ತು ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದಿಸಿ ಬಸಿಯಿರಿ. ಈರುಳ್ಳಿಯ ಒಣ ಸಿಪ್ಪೆಯನ್ನೂ ತೊಳೆದು ಹಾಕಿದರೆ ಒಳ್ಳೆಯ ಬಣ್ಣ ಬರುತ್ತದೆ. ಎಲೆಕೋಸು, ಹೂಕೋಸು ಹಾಕಬೇಡಿ, ವಾಸನೆ ಕೆಡುತ್ತದೆ.

ಅಂಗಡಿಯ ಸ್ಟಾಕ್ ತರುವುದಾದರೆ ಉಪ್ಪು ಕಡಿಮೆ ಇರುವ ತರಕಾರಿ ಸ್ಟಾಕ್ ತನ್ನಿ. ಓವನ್ನಿನಲ್ಲಿ ನೀರು ಆರಿದಂತೆ ಉಪ್ಪು ಎದ್ದು ಕಾಣುತ್ತದೆ.

ಕುಂಬಳ, ಸೇಬು, ಬೀಜ

ಬಟರ್‌ನಟ್ ಸ್ಕ್ವಾಷ್ ನಮ್ಮ ಸಿಹಿಕುಂಬಳದ ಒಡಹುಟ್ಟು. ನಮ್ಮೂರಲ್ಲಿ ಹುಳಿಗೆ, ಪಲ್ಯಕ್ಕೆ ಹಾಕುವ ಸಿಹಿಕುಂಬಳ ಹೆಚ್ಚಾಗಿ ಇದೇ ಜಾತಿಯದು. ಆ ಬಳ್ಳಿಯ ಮೂಲ ಅಮೆರಿಕ ಖಂಡವೇ. ಇಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷ ಬೆಳೆಸಿ ಉಳಿಸಿದ ಬೆಳೆ ಇದು. ಕ್ರ್ಯಾನ್‌ಬೆರಿ, ಪೆಕಾನ್ ಕೂಡ ಈ ನೆಲದವೇ.

ಸ್ಕ್ವಾಷ್ ಕತ್ತರಿಸುವಾಗ ಜೋಪಾನ. ಸಿಪ್ಪೆ ಗಟ್ಟಿ, ಹೊಟ್ಟೆ ಗುಂಡಗೆ, ಚಾಕು ಜಾರುತ್ತದೆ. ಮೊದಲು ಮೇಲೆ ಕೆಳಗೆ ಕತ್ತರಿಸಿ ಸಮತಟ್ಟು ಮಾಡಿ. ಆಮೇಲೆ ಉದ್ದನೆಯ ಕುತ್ತಿಗೆ ಮತ್ತು ಗುಂಡನೆಯ ಬುಡವನ್ನು ಬೇರೆ ಮಾಡಿ. ಕುತ್ತಿಗೆಯಲ್ಲಿ ಬೀಜ ಇರುವುದಿಲ್ಲ, ಪೂರ್ತಿ ತಿರುಳು. ಈ ಅಡುಗೆಗೆ ಕುತ್ತಿಗೆಯ ಭಾಗವೇ ಹೆಚ್ಚುಕಡಿಮೆ ಸಾಕಾಗುತ್ತದೆ. ಉಳಿದ ಬುಡ ಮರುದಿನದ ಹುಳಿಗೆ.

ಅರ್ಧ ಇಂಚಿನ ಹೋಳು ಮಾಡಿ, ಎರಡು ಚಮಚ ಎಣ್ಣೆ, ಚಿಟಿಕೆ ಉಪ್ಪು ಸವರಿ, 425 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 220 ಸೆಲ್ಸಿಯಸ್‌ನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಹುರಿಯಿರಿ. ಅಂಚು ಕಂದಾಗಬೇಕು. ಹಸಿ ಹೋಳನ್ನೇ ಬ್ರೆಡ್ಡಿಗೆ ಹಾಕಿದರೆ ನೀರು ಬಿಡುತ್ತದೆ, ರುಚಿಯೂ ಸಪ್ಪೆ. ಹುರಿದರೆ ಸಿಹಿ ಗಟ್ಟಿಯಾಗುತ್ತದೆ.

ಸೇಬು ಗಟ್ಟಿಯಾಗಿ, ಸ್ವಲ್ಪ ಹುಳಿಯಾಗಿ ಇರಲಿ. ಹಸಿರು ಗ್ರ್ಯಾನಿ ಸ್ಮಿತ್ ಒಳ್ಳೆಯದು. ಮಿನೆಸೋಟಾ ವಿಶ್ವವಿದ್ಯಾಲಯದವರು ಬೆಳೆಸಿ 1991ರಲ್ಲಿ ಹೊರತಂದ ಹನಿಕ್ರಿಸ್ಪ್ ಕೂಡ ಬೆಂದ ಮೇಲೆ ಹೋಳಾಗಿಯೇ ಉಳಿಯುತ್ತದೆ. ಮ್ಯಾಕಿಂಟೋಶ್ ಹಾಕಬೇಡಿ, ಕರಗಿ ಗೊಜ್ಜಾಗುತ್ತದೆ. ಸಿಪ್ಪೆ ಸಮೇತ ಹೆಚ್ಚಿದರೆ ಬಣ್ಣ ಚೆಂದ.

ಪೆಕಾನ್ ಬೀಜವನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿದು ಒರಟಾಗಿ ಮುರಿಯಿರಿ. ಊಟಕ್ಕೆ ಬರುವವರಲ್ಲಿ ಯಾರಿಗಾದರೂ ಬೀಜದ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿ. ಮಕ್ಕಳಿರುವ ಮನೆಯಾದರಂತೂ ಕೇಳಲೇಬೇಕು. ಇದ್ದರೆ ಪೆಕಾನ್ ಬಿಟ್ಟುಬಿಡಿ, ರುಚಿಗೆ ದೊಡ್ಡ ನಷ್ಟವಿಲ್ಲ.

ಕ್ರ್ಯಾನ್‌ಬೆರಿ ಹಸಿಯದು ಬಾಯಲ್ಲಿಟ್ಟರೆ ಕವಳಿಕಾಯಿಯ ಹಾಗೆ ಹುಳಿ ಒಗರು. ಹಾಗಾಗಿ ಇದಕ್ಕೆ ಸಕ್ಕರೆ ಹಾಕಿ ಒಣಗಿಸಿದ್ದನ್ನೇ ಬಳಸುವುದು. ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ದಕ್ಷಿಣದ ಪೈನ್ ಬ್ಯಾರೆನ್ಸ್ ಕಡೆ ಹೋದರೆ ಕೊಯ್ಲು ನೋಡಲು ಸಿಗುತ್ತದೆ. ಗದ್ದೆಗೆ ನೀರು ಬಿಡುತ್ತಾರೆ. ಒಂದೊಂದು ಹಣ್ಣಿನೊಳಗೂ ಗಾಳಿ ತುಂಬಿದ ಪುಟ್ಟ ಕೋಣೆಗಳಿರುವುದರಿಂದ ಬಳ್ಳಿಯಿಂದ ಬಿಡಿಸಿದ ಹಣ್ಣೆಲ್ಲ ಮೇಲಕ್ಕೆ ತೇಲುತ್ತವೆ. ಇಡೀ ಕೆರೆಗೆ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತದೆ. ಒಂದು ಸಲವಾದರೂ ನೋಡಿ.

ಬೆಣ್ಣೆಯಲ್ಲಿ ಸೇಜ್

ಈಗ ಘಮದ ಕೆಲಸ. ಸೇಜ್ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ. ಬೂದಿ ಬೆರೆಸಿದಂಥ ಹಸಿರು, ಮೈಮೇಲೆ ಮಖಮಲ್ಲಿನಂಥ ನವಿರು, ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಗುಳ್ಳೆ. ಉಜ್ಜಿದರೆ ಕರ್ಪೂರ, ದೇವದಾರು ನೆನಪಾಗುವ ಖಾರದ ವಾಸನೆ. ಹಸಿಯಾಗಿ ತಿಂದರೆ ಕಹಿ. ಬೆಣ್ಣೆಯ ಬಿಸಿಗೆ ಬಿದ್ದಾಗ ಅದರ ಗುಣವೇ ಬೇರೆ. ಇಲ್ಲಿನವರಿಗೆ ಥ್ಯಾಂಕ್ಸ್‌ಗಿವಿಂಗ್ ಅಂದರೆ ಮೂಗಿಗೆ ಬರುವುದು ಈ ವಾಸನೆಯೇ.

ಅಗಲವಾದ ಬಾಣಲೆಯಲ್ಲಿ ಒಂದು ಚಮಚ ಬೆಣ್ಣೆ ಹಾಕಿ ಅಣಬೆಯನ್ನು ಮೊದಲು ಬಾಡಿಸಿ. ನೀರು ಬಿಟ್ಟು, ಆ ನೀರೆಲ್ಲ ಇಂಗಿ, ಕೆಂಪಗಾದ ಮೇಲೆ ತೆಗೆದಿಡಿ. ಉಳಿದ ಬೆಣ್ಣೆ ಕರಗಿಸಿ ಈರುಳ್ಳಿ, ಸೆಲರಿ, ಉಪ್ಪು ಹಾಕಿ. ಮಧ್ಯಮ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ. ಆತುರ ಬೇಡ. ಈರುಳ್ಳಿ ಕೆಂಪಗಾಗಬಾರದು, ಗಾಜಿನ ಹಾಗೆ ಆಗಿ ಮೆತ್ತಗಾಗಬೇಕು. ಸೆಲರಿಯ ಹಸಿ ಕಟಕಟ ಉಳಿದರೆ ಊಟದಲ್ಲಿ ಹಲ್ಲಿಗೆ ಸಿಗುತ್ತದೆ. ಆಮೇಲೆ ಬೆಳ್ಳುಳ್ಳಿ, ಸೇಜ್, ಥೈಮ್, ರೋಸ್‌ಮೆರಿ, ಮೆಣಸಿನ ಪುಡಿ ಹಾಕಿ ಒಂದು ನಿಮಿಷ ತಿರುವಿ. ಕೊನೆಗೆ ಸೇಬಿನ ಹೋಳು ಹಾಕಿ ಮೂರು ನಿಮಿಷ ಬಾಡಿಸಿ ಇಳಿಸಿ.

ಹಸಿ ಎಲೆ ಸಿಗದಿದ್ದರೆ ಒಣ ಎಲೆ ಮೂರರಲ್ಲೊಂದು ಪಾಲು ಸಾಕು. ಅಂದರೆ ಸೇಜ್ ಎರಡು ಚಿಕ್ಕ ಚಮಚ, ಥೈಮ್ ಒಂದು ಚಿಕ್ಕ ಚಮಚ. ಒಣ ಸೇಜ್ ಜಾಸ್ತಿಯಾದರೆ ಔಷಧಿಯ ವಾಸನೆ ಬರುತ್ತದೆ, ಹುಷಾರು. ಬೋಸ್ಟನ್‌ನಲ್ಲಿ 1867ರಲ್ಲಿ ಹುಟ್ಟಿದ ಬೆಲ್ಸ್ ಸೀಸನಿಂಗ್ ಅನ್ನುವ ಹಳೆಯ ಮಸಾಲೆ ಪುಡಿ ಇದೆ, ಡಬ್ಬಿಯ ಮೇಲೆ ನೀಲಿ ಟರ್ಕಿಯ ಚಿತ್ರ. ಚಿತ್ರ ಹಕ್ಕಿಯದಾದರೂ ಒಳಗಿರುವುದು ಎಲೆ, ಮಸಾಲೆ ಮಾತ್ರ. ಎರಡು ಚಿಕ್ಕ ಚಮಚ ಹಾಕಿದರೆ ಎಲ್ಲ ಎಲೆಗಳ ಕೆಲಸ ಅದೇ ಮಾಡುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಈ ಹಂತದಲ್ಲಿ ಕೈ ತಾನಾಗಿ ಸಾಸಿವೆ ಡಬ್ಬಿಯ ಕಡೆ ಹೋಗುತ್ತದೆ. ಒಂದು ಒಗ್ಗರಣೆ, ಎರಡು ಹಸಿಮೆಣಸಿನಕಾಯಿ, ಚೂರು ಗರಂ ಮಸಾಲೆ ಹಾಕಿದರೆ ಇನ್ನೂ ಚೆನ್ನಾಗಿರುತ್ತೇನೋ ಅನಿಸುತ್ತದೆ. ದಯವಿಟ್ಟು ಬೇಡ. ಗರಂ ಮಸಾಲೆ ಬಿದ್ದರೆ ಸೇಜ್ ಅಡಗಿಹೋಗುತ್ತದೆ. ಆಗ ಇದು ಖಾರದ ಬ್ರೆಡ್ ಉಪ್ಪಿಟ್ಟು, ಅಷ್ಟೇ. ಯುಗಾದಿ ಹೋಳಿಗೆಗೆ ಯಾರಾದರೂ ದಾಲ್ಚಿನ್ನಿ, ವೆನಿಲಾ ಹಾಕಿದರೆ ನಮಗೆ ಹೇಗನಿಸುತ್ತದೆ? ಈ ಊರಿನ ಹಬ್ಬದ ಅಡುಗೆ ಈ ಊರಿನ ರುಚಿಯಲ್ಲೇ ಇರಲಿ. ಖಾರ ಬೇಕು ಅನ್ನುವವರಿಗೆ ಪಕ್ಕದಲ್ಲಿ ಉಪ್ಪಿನಕಾಯಿ ಇಡಿ.

ಕಲಸುವ ಹದ

ಅಗಸೆ ಪುಡಿಗೆ ಆರು ದೊಡ್ಡ ಚಮಚ ನೀರು ಬೆರೆಸಿ ಹತ್ತು ನಿಮಿಷ ಬಿಡಿ, ಲೋಳೆಯಾಗುತ್ತದೆ. ಮೊಟ್ಟೆ ಮಾಡುವ ಅಂಟಿಸುವ ಕೆಲಸವನ್ನು ಇದು ಮಾಡುತ್ತದೆ. ಸ್ಟಾಕ್ ಬಿಸಿ ಮಾಡಿ ಕ್ರ್ಯಾನ್‌ಬೆರಿಯನ್ನು ಅದರಲ್ಲಿ ಹತ್ತು ನಿಮಿಷ ನೆನೆಸಿ.

ನಿಮ್ಮ ಮನೆಯ ಅತಿ ದೊಡ್ಡ ಪಾತ್ರೆ ತೆಗೆದುಕೊಳ್ಳಿ. ಒಣ ಬ್ರೆಡ್, ಬಾಡಿಸಿದ್ದು, ಅಣಬೆ, ಸ್ಕ್ವಾಷ್, ಪೆಕಾನ್, ಪಾರ್ಸ್ಲಿ ಎಲ್ಲ ಹಾಕಿ. ಅಗಸೆ ಲೋಳೆಯನ್ನು ಎರಡು ಕಪ್ ಸ್ಟಾಕಿನಲ್ಲಿ ಕದಡಿ, ಕ್ರ್ಯಾನ್‌ಬೆರಿ ಸಮೇತ ಸುತ್ತಲೂ ಸುರಿಯಿರಿ. ಎರಡೂ ಕೈಯಿಂದ ಕೆಳಗಿನಿಂದ ಮೇಲಕ್ಕೆ ಹಗುರವಾಗಿ ತಿರುವಿ ಹಾಕಿ. ಹಿಸುಕಬೇಡಿ. ಆಮೇಲೆ ಸುಮ್ನೆ ಹತ್ತು ನಿಮಿಷ ಬಿಟ್ಟುಬಿಡಿ.

ಗಟ್ಟಿ ಅವಲಕ್ಕಿಗೆ ನೀರು ಚಿಮುಕಿಸಿ ಬಿಡುತ್ತೇವಲ್ಲ, ಅದೇ ಹದ ಇಲ್ಲಿಗೂ. ಸುರಿದ ಕೂಡಲೇ ನೋಡಿದರೆ ಸಾಲದು ಅನಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಎಳೆದುಕೊಳ್ಳುತ್ತದೆ. ಹತ್ತು ನಿಮಿಷದ ನಂತರ ಒಂದು ದಪ್ಪ ತುಂಡು ತೆಗೆದು ಬೆರಳಲ್ಲಿ ಒತ್ತಿ. ಸ್ಪಂಜಿನ ಹಾಗೆ ಒಳಗೆಲ್ಲ ತೇವ ಇರಬೇಕು, ಆಕಾರ ಉಳಿದಿರಬೇಕು, ಜೋರಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು. ನಡುವೆ ಗಟ್ಟಿ ಕಾಳಿನ ಹಾಗೆ ಸಿಕ್ಕಿದರೆ ಉಳಿದ ಸ್ಟಾಕನ್ನು ಕಾಲು ಕಪ್ಪಿನಂತೆ ಸೇರಿಸುತ್ತ ಹೋಗಿ. ಸೌರ್‌ಡೋ ಆದರೆ ಮೂರೂ ಕಪ್ ಕುಡಿಯುತ್ತದೆ, ಹಗುರ ಬ್ರೆಡ್ಡಿಗೆ ಎರಡೂವರೆ ಸಾಕು. ಪಾತ್ರೆಯ ತಳದಲ್ಲಿ ಸ್ಟಾಕ್ ನಿಂತಿತೆಂದರೆ ಜಾಸ್ತಿಯಾಯಿತು ಅಂತಲೇ ಅರ್ಥ. ಮೊಟ್ಟೆ ಹಾಕುವವರು ಸ್ಟಾಕ್ ಉಗುರು ಬೆಚ್ಚಗಾದ ಮೇಲೆ ಬೆರೆಸಿ, ಹದಕ್ಕೆ ಬೇಕಾದ ಸ್ಟಾಕ್ ಸೇರಿಸಿ ತಡಮಾಡದೆ ಓವನ್ನಿಗಿಡಿ. ಮೊಟ್ಟೆ ಹಾಕದಿದ್ದರೆ ಈ ಹೊತ್ತಿಗೆ ಒಂದು ಚೂರು ಬಾಯಿಗೆ ಹಾಕಿ ಉಪ್ಪು ನೋಡಿ.

ಓವನ್ನಿಗೆ

ಪಾತ್ರೆಗೆ ಧಾರಾಳವಾಗಿ ಬೆಣ್ಣೆ ಸವರಿ ಮಿಶ್ರಣ ಹಾಕಿ. ಅದುಮಬೇಡಿ, ಮೇಲ್ಭಾಗ ಏರುತಗ್ಗಾಗಿಯೇ ಇರಲಿ. ಎದ್ದು ನಿಂತ ಮೂಲೆಗಳೇ ಆಮೇಲೆ ಗರಿಗರಿಯಾಗುವುದು. ಮೇಲೆ ನಾಲ್ಕಾರು ಕಡೆ ಬೆಣ್ಣೆಯ ಚೂರು ಇಡಿ. ಫಾಯಿಲ್ ಮುಚ್ಚಿ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 175 ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ. ಆಮೇಲೆ ಫಾಯಿಲ್ ತೆಗೆದು ಇನ್ನೂ ಇಪ್ಪತ್ತು ಇಪ್ಪತ್ತೈದು ನಿಮಿಷ. ಮೇಲೆ ಹೊಂಬಣ್ಣ ಬಂದು, ಅಂಚಿನಲ್ಲಿ ಬೆಣ್ಣೆ ಸಣ್ಣಗೆ ಗುಳುಗುಳು ಅನ್ನುತ್ತಿದ್ದರೆ ಆಯಿತು. ಹತ್ತು ನಿಮಿಷ ಹೊರಗಿಟ್ಟು ಬಡಿಸಿ.

ಬೇರೆಯವರ ಮನೆಗೆ ಒಯ್ಯುವಾಗ

ಅವತ್ತು ಎಲ್ಲರ ಮನೆಯಲ್ಲೂ ಓವನ್ನಿಗೆ ನೂಕುನುಗ್ಗಲು. ಟರ್ಕಿ ಬೆಳಗಿನಿಂದ ಒಳಗೆ ಕೂತಿರುತ್ತದೆ. ಆದರೆ ಹೊರಗೆ ತೆಗೆದ ಮೇಲೆ ಅದನ್ನು ಕತ್ತರಿಸುವ ಮೊದಲು ಅರ್ಧ ಗಂಟೆಯಾದರೂ ಹಾಗೇ ಬಿಡುತ್ತಾರೆ. ಆ ಅರ್ಧ ಗಂಟೆ ನಿಮ್ಮದು. ಕರೆದವರಿಗೆ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಫಾಯಿಲ್ ಮುಚ್ಚಿ ಬೇಯಿಸುವುದನ್ನು ಮನೆಯಲ್ಲೇ ಮುಗಿಸಿ, ಬಿಸಿಯಾಗಿರುವಾಗಲೇ ದಪ್ಪ ಟವೆಲ್ ಸುತ್ತಿ ಒಯ್ಯಿರಿ. ಫಾಯಿಲ್ ತೆಗೆದು ಗರಿಗರಿ ಮಾಡುವ ಕೊನೆಯ ಇಪ್ಪತ್ತು ನಿಮಿಷ ಅಲ್ಲಿ ಆಗಲಿ. ಒಂದು ಚೀಟಿಯಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ, ಪೆಕಾನ್ ಇದೆ ಎಂದು ಬರೆದು ಪಾತ್ರೆಯ ಪಕ್ಕ ಇಡಿ. ಬಡಿಸಲು ಬೇರೆ ಸೌಟನ್ನೂ ಇಡಿ. ಇಲ್ಲದಿದ್ದರೆ ಟರ್ಕಿಯ ಸೌಟು ಇದಕ್ಕೂ ಬರುತ್ತದೆ. ಬೇಕಂತ ಯಾರೂ ಮಾಡುವುದಿಲ್ಲ, ಗಡಿಬಿಡಿಯಲ್ಲಿ ಆಗಿಬಿಡುತ್ತದೆ.

ಹೊಸದಾಗಿ ಬಂದ ಸಸ್ಯಾಹಾರಿಗಳಿಗೆ ಇನ್ನೊಂದು ಸೂಚನೆ. ಮೇಜಿನ ಮೇಲಿನ ಬೇರೆ ಸ್ಟಫಿಂಗ್ ನೋಡೋಕೆ ಬರೀ ಬ್ರೆಡ್ಡಿನಂತಿದ್ದರೂ ಕೋಳಿಯ ಸ್ಟಾಕ್ ಹಾಕಿರಬಹುದು. ಪೊಟ್ಟಣದ ಸ್ಟಫಿಂಗಿನಲ್ಲೂ ಕೋಳಿಯ ಸಾರಿನ ಪುಡಿ ಇರಬಹುದು, ಲೇಬಲ್ ಓದಿ. ಗೆಣಸಿನ ಮೇಲೆ ಬೆಳ್ಳಗೆ ಉಬ್ಬಿ ಕೂತಿರುವ ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಯ ಮೂಳೆ ಚರ್ಮದಿಂದ ಬಂದದ್ದು. ಸಂಕೋಚ ಬೇಡ, ನಗುತ್ತ ಕೇಳಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡವರನ್ನು ನಾನು ಇದುವರೆಗೆ ನೋಡಿಲ್ಲ.

ಊರಿನಲ್ಲಿ ಮಾಡುವುದಾದರೆ

ಕಳೆದ ಸಲ ಬೆಂಗಳೂರಿಗೆ ಹೋದಾಗ ಅಕ್ಕನ ಮನೆಯಲ್ಲಿ ಡಿಸೆಂಬರಿನಲ್ಲಿ ಇದನ್ನು ಮಾಡಿದ್ದೆ. ಸೆಲರಿ, ರೋಸ್‌ಮೆರಿ, ಥೈಮ್ ದೊಡ್ಡ ತರಕಾರಿ ಅಂಗಡಿಯಲ್ಲಿ ಸಿಕ್ಕಿತು. ಸೇಜ್ ಒಣಗಿದ್ದು ಬಾಟಲಿಯಲ್ಲಿ ಸಿಕ್ಕಿತು. ಥೈಮ್ ಸಿಗದಿದ್ದರೆ ಅಕ್ಕನ ಕುಂಡದಲ್ಲಿದ್ದ ದೊಡ್ಡಪತ್ರೆಯ ಎರಡೇ ಎಲೆ ಹಾಕೋಣ ಅಂದುಕೊಂಡಿದ್ದೆ. ಥೈಮಿನ ವಾಸನೆಗೆ ಕಾರಣವಾದ ಥೈಮಾಲ್ ನಮ್ಮ ಓಮಕಾಳಿನಲ್ಲೂ ಇದೆ, ದೊಡ್ಡಪತ್ರೆಯ ಘಮವೂ ಅದೇ ಬಳಗದ್ದು. ಸ್ಕ್ವಾಷ್ ಬದಲು ಸಿಹಿಕುಂಬಳ, ಪೆಕಾನ್ ಬದಲು ಅಕ್ರೋಟು, ಸೇಬು ಹಿಮಾಚಲದ್ದು. ಬ್ರೆಡ್ಡಿಗೆ ಬೇಕರಿಯ ಕತ್ತರಿಸದ ಗೋಧಿ ಬ್ರೆಡ್ ತಂದೆವು. ಅದು ಮೆತ್ತಗಿದ್ದುದರಿಂದ ಒಂದು ಗಂಟೆ ಒಣಗಿಸಬೇಕಾಯಿತು, ಸ್ಟಾಕ್ ಎರಡೇ ಕಪ್ ಹಿಡಿಯಿತು.

ಸಣ್ಣ ಓವನ್ ಆದರೆ ಅಳತೆ ಅರ್ಧ ಮಾಡಿ, 8 ಇಂಚಿನ ಪಾತ್ರೆಯಲ್ಲಿ ಮಾಡಿ. ಓವನ್ನೇ ಇಲ್ಲದಿದ್ದರೂ ಆಗುತ್ತದೆ. ದಪ್ಪ ತಳದ ಕಬ್ಬಿಣದ ಬಾಣಲೆಗೆ ಬೆಣ್ಣೆ ಹಾಕಿ, ಕಲಸಿದ್ದನ್ನು ಹರಡಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಮುಚ್ಚಳ ತೆಗೆದು ತಳ ಕೆಂಪಗಾಗುವವರೆಗೆ ಕಾದು, ಭಾಗ ಭಾಗವಾಗಿ ಮಗುಚಿ ಹಾಕಿ. ಗರಿಗರಿ ಪದರ ಮೇಲಿನ ಬದಲು ಕೆಳಗೆ ಬರುತ್ತದೆ, ರುಚಿ ಅದೇ.

ಉಳಿದರೆ

ಊಟ ಮುಗಿದು ಹರಟೆ ಶುರುವಾದರೆ ಪಾತ್ರೆ ಮೇಜಿನ ಮೇಲೇ ಉಳಿದುಬಿಡುತ್ತದೆ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ. ಮೂರು ನಾಲ್ಕು ದಿನ ಇರುತ್ತದೆ.

ನಮ್ಮ ಮನೆಯಲ್ಲಿ ಶುಕ್ರವಾರ ಬೆಳಗ್ಗೆ ಅದಕ್ಕೇ ಕಾಯುತ್ತಿರುತ್ತಾರೆ. ತಣ್ಣಗಿನ ಸ್ಟಫಿಂಗನ್ನು ಕೈಯಲ್ಲಿ ಕಿವುಚಿ, ಒಣಗಿದೆ ಅನಿಸಿದರೆ ಎರಡು ಚಮಚ ಸ್ಟಾಕ್ ಚಿಮುಕಿಸಿ, ಅಂಗೈಯಲ್ಲಿ ವಡೆಯ ಹಾಗೆ ತಟ್ಟುತ್ತೇನೆ. ದೋಸೆ ಕಾವಲಿಗೆ ತುಪ್ಪ ಹಾಕಿ ಎರಡೂ ಕಡೆ ನಾಲ್ಕು ನಾಲ್ಕು ನಿಮಿಷ ಬೇಯಿಸುತ್ತೇನೆ. ಸೇಬಿನ ಹೋಳು ಕಾವಲಿಗೆ ತಾಗಿದ ಕಡೆ ಕಂದು ಬಣ್ಣಕ್ಕೆ ತಿರುಗಿ ಅಂಟು ಅಂಟಾಗುತ್ತದೆ. ಉಳಿದ ಕ್ರ್ಯಾನ್‌ಬೆರಿ ಗೊಜ್ಜಿನ ಜೊತೆ, ಒಂದು ಲೋಟ ಬಿಸಿ ಕಾಫಿ ಮಾಡಿಕೊಂಡು, ಕಾವಲಿಯಿಂದ ಇಳಿದ ಹಾಗೇ ತಿನ್ನಿ.